ಗಬ್ಬದ ಕುದುರೆಗೂ ಬೆಳೆಯುವ ಮರಿಗೂ ಮೇವು: ತಕ್ಕಡಿ, ಲೆಕ್ಕ, ಕೈಯಳತೆ

ಮರಿ ಹುಟ್ಟಿ ನಾಲ್ಕು ಕಾಲಿನ ಮೇಲೆ ನಿಂತ ದಿನ ಎಲ್ಲರೂ ಅದರ ಮೇವಿನ ಬಗ್ಗೆ ಯೋಚಿಸತೊಡಗುತ್ತಾರೆ. ಅಷ್ಟರಲ್ಲಿ ಒಂದು ಕೆಲಸದ ಗಡುವು ಮುಗಿದೇ ಹೋಗಿರುತ್ತದೆ. ಕುದುರೆಯ ಹಾಲಿನಲ್ಲಿ ತಾಮ್ರ ಬಹಳ ಕಡಿಮೆ. ಹುಟ್ಟಿದ ಮೇಲೆ ಮೂಳೆ ಮತ್ತು ಮೃದ್ವಸ್ಥಿ ಕಟ್ಟಿಕೊಳ್ಳಲು ಬೇಕಾದ ತಾಮ್ರವನ್ನು ಮರಿ ಗರ್ಭದ ಕೊನೆಯ ತಿಂಗಳುಗಳಲ್ಲೇ ತನ್ನ ಯಕೃತ್ತಿನಲ್ಲಿ ಕೂಡಿಟ್ಟುಕೊಂಡು ಬರಬೇಕು. ಆಗ ತಾಯಿಯ ಗೋದಲಿಯಲ್ಲಿ ಇಲ್ಲದ್ದನ್ನು ಆಮೇಲೆ ಹಾಲಿನ ಮೂಲಕ ತುಂಬಿಕೊಡಲು ಬರುವುದಿಲ್ಲ.

ಕುದುರೆ ಸಾಕುವವರು ಜಿಪುಣತನದಿಂದ ಮಾಡುವ ತಪ್ಪಿಗಿಂತ ಅಕ್ಕರೆಯಿಂದ ಮಾಡುವ ತಪ್ಪೇ ಹೆಚ್ಚು. ಗಬ್ಬ ನಿಂತಿತೆಂದು ಗೊತ್ತಾದ ಕೂಡಲೇ ಕಾಳು ಸುರಿಯುತ್ತಾರೆ. ಆಗ ಅದು ಬೇಕಿರುವುದಿಲ್ಲ. ಈದ ಮೇಲೆ ಅದೇ ಹಳೆಯ ಅಳತೆ ಮುಂದುವರಿಯುತ್ತದೆ. ಆಗ ಅದು ಅರ್ಧಕ್ಕೂ ಸಾಲುವುದಿಲ್ಲ. ಹಾಲು ಬಿಟ್ಟ ಮರಿ ದುಂಡಗೆ ಹೊಳೆಯುತ್ತಿದ್ದರೆ ಹಿಗ್ಗುತ್ತಾರೆ, ಆ ದುಂಡುತನವನ್ನು ಹೊರುವ ಕೀಲುಗಳು ಇನ್ನೂ ಎಳೆಯವು ಎಂಬುದನ್ನು ಮರೆತು. ಕೆಳಗಿನ ಕ್ರಮವೆಲ್ಲ ಈ ಮೂರು ತಪ್ಪುಗಳನ್ನು ತಪ್ಪಿಸುವ ಸುತ್ತಲೇ ಇದೆ.

ಇಲ್ಲಿನ ಅಂಕಿಗಳು ಸುಮಾರು 500 ಕಿಲೋ ತೂಗುವ ತಾಯಿಕುದುರೆಗೆ ಹೊಂದುವಂಥವು. ಶಕ್ತಿ, ಪ್ರೋಟೀನ್, ಖನಿಜಗಳ ಅಗತ್ಯಕ್ಕೆ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2007ರಲ್ಲಿ ಹೊರತಂದ ಕೋಷ್ಟಕಗಳನ್ನು ಅನುಸರಿಸಿದ್ದೇನೆ. ನಿಮ್ಮ ಕುದುರೆ ಚಿಕ್ಕದಿದ್ದರೆ ಅದೇ ಅನುಪಾತದಲ್ಲಿ ಇಳಿಸಿಕೊಳ್ಳಿ.

ಹಂತ 1: ಮೊದಲು ತೂಗಿ, ಆಮೇಲೆ ಹಾಕಿ

ಲಾಯದಲ್ಲಿ ಒಂದು ತೂಗು ತಕ್ಕಡಿ ಇಲ್ಲದಿದ್ದರೆ ಉಳಿದ ಯಾವ ಹಂತವೂ ನಡೆಯುವುದಿಲ್ಲ. ‘ಎರಡು ಡಬ್ಬಿ ಕಾಳು’ ಎಂಬುದು ಅಳತೆಯೇ ಅಲ್ಲ. ಒಂದು ಡಬ್ಬಿ ಮೆಕ್ಕೆಜೋಳ ಅದೇ ಡಬ್ಬಿಯಷ್ಟು ಓಟ್ಸ್‌ಗಿಂತ ತುಂಬಾ ಭಾರ. ಅದರಲ್ಲಿರುವ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಓಟ್ಸ್ ಮುಗಿದ ದಿನ ಅದೇ ಡಬ್ಬಿಯಲ್ಲಿ ಮೆಕ್ಕೆಜೋಳ ಹಾಕಿದವರು ಅರಿವಿಲ್ಲದೆಯೇ ಮೇವನ್ನು ದುಪ್ಪಟ್ಟು ಮಾಡಿರುತ್ತಾರೆ. ಹುಲ್ಲಿನ ಹೊರೆಯನ್ನೂ ತೂಗಿ. ನಾಲ್ಕೈದು ಹೊರೆ ತೂಗಿದ ಮೇಲೆ ಕೈಗೆ ಅಂದಾಜು ಸಿಗುತ್ತದೆ, ಅದಕ್ಕೆ ಮೊದಲು ಸಿಗುವುದಿಲ್ಲ.

ಕುದುರೆಯ ತೂಕಕ್ಕೆ ದೊಡ್ಡ ತಕ್ಕಡಿ ಇಲ್ಲದವರು ಅಳತೆಪಟ್ಟಿ ಬಳಸಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಭುಜದ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಹಿಡಿಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 185, ಉದ್ದ 175 ಇದ್ದರೆ ಸುಮಾರು 504 ಕಿಲೋ. ಈ ಸೂತ್ರ ಬೆಳೆದ ಕುದುರೆಗೆ ಮಾತ್ರ. ಮರಿಗೆ ಬಳಸಿದರೆ ತೂಕ ಕಡಿಮೆ ತೋರಿಸುತ್ತದೆ. ಗಬ್ಬ ಬಲಿತ ಮೇಲೆ ತಾಯಿಗೂ ಇದು ಅಷ್ಟು ನೆಚ್ಚಬಹುದಾದ ಲೆಕ್ಕವಲ್ಲ.

ಆಗ ನೆರವಿಗೆ ಬರುವುದು ಕೈ. 1983ರಲ್ಲಿ ಅಮೆರಿಕದ ಸಂಶೋಧಕ ಹೆನೆಕೆ ರೂಪಿಸಿದ 1ರಿಂದ 9ರವರೆಗಿನ ಮೈಕಟ್ಟಿನ ಅಂಕ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. 1 ಎಂದರೆ ಮೂಳೆಚಕ್ಕಳ, 9 ಎಂದರೆ ಅತಿ ಕೊಬ್ಬು. ಪಕ್ಕೆಲುಬು ಕಣ್ಣಿಗೆ ಕಾಣದೆ ಬೆರಳಿಗೆ ಸುಲಭವಾಗಿ ಸಿಕ್ಕರೆ 5. ಅದರ ಮೇಲೆ ಮೆತ್ತಗಿನ ಪದರವೊಂದು ಬೆರಳಿಗೆ ತಾಗಿದರೆ 6. ತಾಯಿಕುದುರೆ 5.5ರಿಂದ 7ರ ನಡುವೆ ಇರಲಿ. 5ಕ್ಕಿಂತ ಕೆಳಗಿರುವ ಕುದುರೆ ಗಬ್ಬ ಕಟ್ಟುವುದೇ ಕಷ್ಟ. ಹೊಟ್ಟೆಯನ್ನು ನೋಡಿ ಅಂಕ ಕೊಡಬೇಡಿ: ತುಂಬು ಗಬ್ಬದ ದೊಡ್ಡ ಹೊಟ್ಟೆಯ ಮೇಲೆ ಸೊರಗಿದ ಬೆನ್ನು ಇರುವುದು ಅಪರೂಪವಲ್ಲ. ದಟ್ಟ ಕೂದಲೂ ಸುಳ್ಳು ಹೇಳುತ್ತದೆ. ಪಕ್ಕೆಲುಬು, ಬಾಲದ ಬುಡ, ಹೆಗಲ ದಿಬ್ಬ, ಭುಜದ ಹಿಂಭಾಗ, ಕತ್ತಿನ ಮೇಲಂಚುಗಳನ್ನು ಮುಟ್ಟಿ ನೋಡಿ, ತಿಂಗಳಿಗೊಮ್ಮೆ ಬರೆದಿಡಿ.

ಹಂತ 2: ಹುಲ್ಲೇ ಊಟ, ಕಾಳು ನಂಜಿಕೆ

ಕುದುರೆ ದಿನಕ್ಕೆ ತನ್ನ ತೂಕದ ಶೇ 2ರಿಂದ 2.5ರಷ್ಟು ಒಣ ಪದಾರ್ಥ ತಿನ್ನುತ್ತದೆ. ಹಾಲು ಕೊಡುವಾಗ ಶೇ 3ರವರೆಗೂ ಹೋಗುತ್ತದೆ. ಇದರಲ್ಲಿ ಹುಲ್ಲಿನ ಪಾಲು ದೇಹತೂಕದ ಶೇ 1.5ಕ್ಕಿಂತ, ಅಂದರೆ ಏಳೂವರೆ ಕಿಲೋಗಿಂತ ಕೆಳಗೆ ಇಳಿಯದಿರಲಿ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ ಎಂಬುದು ಲೆಕ್ಕ ಹಾಕುವಾಗ ನೆನಪಿರಲಿ.

ತೆನೆ ಒಡೆದು ಕಾಂಡ ಬಲಿತ ಮೇಲೆ ಕೊಯ್ದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಗಬ್ಬದ ಕುದುರೆಗೆ, ಮರಿಗೆ ಎಳೆಯದಾಗಿ ಕೊಯ್ದು ನೆರಳಲ್ಲಿ ಕೂಡಿಟ್ಟ, ಎಲೆ ಉದುರದ ಹುಲ್ಲನ್ನು ಮೀಸಲಿಡಿ. ಬಲಿತದ್ದನ್ನು ದುಡಿಯದ ದೊಡ್ಡ ಕುದುರೆಗಳಿಗೆ ಹಾಕಿ. ಹಿಡಿ ಹುಲ್ಲು ಕೊಡವಿದಾಗ ದೂಳು ಎದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಅದು ಗಬ್ಬದ ಕುದುರೆಯ ಬಾಯಿಗೆ ಹೋಗಬಾರದು.

ಕಾಳು ಮತ್ತು ದಾಣಿ (ಕಾಳು, ಹಿಂಡಿ ಬೆರೆಸಿದ ಸಿದ್ಧ ಮೇವು) ಒಂದು ಹೊತ್ತಿಗೆ ಎರಡೂವರೆ ಕಿಲೋ ಮೀರಕೂಡದು. ಎರಡಕ್ಕೇ ನಿಲ್ಲಿಸಿದರೆ ಇನ್ನೂ ಕ್ಷೇಮ. ಕುದುರೆಯ ಜಠರ ಚಿಕ್ಕದು. ಸಣ್ಣಕರುಳಿನಲ್ಲಿ ಅರಗದೆ ಉಳಿದ ಪಿಷ್ಟ ದೊಡ್ಡಕರುಳಿಗೆ ಜಾರಿದರೆ ಅಲ್ಲಿ ಹುದುಗಿ ಹುಳಿಯಾಗುತ್ತದೆ. ಹೊಟ್ಟೆಶೂಲೆಗೂ ಗೊರಸಿನ ಉರಿಯೂತಕ್ಕೂ ಅದೇ ದಾರಿ. ಯಾವ ಹೊಸ ಮೇವನ್ನೇ ಆಗಲಿ ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ.

ಹಂತ 3: ಸುಣ್ಣ–ರಂಜಕದ ಲೆಕ್ಕ

ಬಹಳಷ್ಟು ಮಂದಿ ಹಾರಿಬಿಡುವ ಹಂತ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೇವಿನಲ್ಲಿ ಕ್ಯಾಲ್ಸಿಯಂ (ಸುಣ್ಣದ ಅಂಶ) ಯಾವಾಗಲೂ ರಂಜಕಕ್ಕಿಂತ (ಫಾಸ್ಫರಸ್) ಹೆಚ್ಚಿರಬೇಕು. ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಇದ್ದರೆ ಚೆಂದ. ಅನುಪಾತ ತಲೆಕೆಳಗಾದರೆ, ಕ್ಯಾಲ್ಸಿಯಂನ ಮೊತ್ತ ಸಾಕಷ್ಟಿದ್ದರೂ ಕರುಳು ಅದನ್ನು ಹೀರಿಕೊಳ್ಳಲಾರದು. ಆಗ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತದ ಕ್ಯಾಲ್ಸಿಯಂ ಕಾಯ್ದುಕೊಳ್ಳುತ್ತದೆ. ಮುಖದ ಮೂಳೆಗಳು ಊದಿಕೊಳ್ಳುವ ‘ದೊಡ್ಡತಲೆ’ ರೋಗ ಇದರ ಕೊನೆಯ ಹಂತ. ಕುಂಟು, ಹೆಜ್ಜೆ ಬಿಗಿಯುವುದು, ಮರಿಯ ಮೂಳೆ ಸೊರಗುವುದು ಅದಕ್ಕೂ ಮೊದಲೇ ಶುರುವಾಗಿರುತ್ತವೆ.

ಇದಕ್ಕೆ ಸಾಮಾನ್ಯ ಕಾರಣ ಬೂಸಾ. ಗೋಧಿ ಬೂಸಾದಲ್ಲಿ ರಂಜಕ ಶೇ 1ಕ್ಕೂ ಹೆಚ್ಚು, ಕ್ಯಾಲ್ಸಿಯಂ ಅದರ ಎಂಟನೇ ಒಂದರಷ್ಟು. ಓಟ್ಸ್‌ನಲ್ಲೂ ರಂಜಕವೇ ಮೇಲುಗೈ. ಒಂದು ಲೆಕ್ಕ ಮಾಡಿ ನೋಡೋಣ. ತುಂಬು ಗಬ್ಬದ ಕುದುರೆಗೆ 8 ಕಿಲೋ ಸಾದಾ ಒಣಹುಲ್ಲು, 2 ಕಿಲೋ ಓಟ್ಸ್, ಒಂದೂವರೆ ಕಿಲೋ ಬೂಸಾ ಹಾಕುತ್ತಿದ್ದೀರಿ ಎನ್ನಿ. ಹುಲ್ಲಿನಿಂದ ಕ್ಯಾಲ್ಸಿಯಂ ಸುಮಾರು 32 ಗ್ರಾಂ, ರಂಜಕ 20. ಓಟ್ಸ್‌ನಿಂದ 2 ಮತ್ತು 7. ಬೂಸಾದಿಂದ 2 ಮತ್ತು 17. ಒಟ್ಟು ಕ್ಯಾಲ್ಸಿಯಂ 36 ಗ್ರಾಂ, ರಂಜಕ 44. ಗಬ್ಬದ ಕೊನೆಯ ತಿಂಗಳುಗಳಲ್ಲಿ ಬೇಕಾದ ಕ್ಯಾಲ್ಸಿಯಂ ಸರಿಯಾಗಿ 36 ಗ್ರಾಂ! ಕೋಷ್ಟಕದ ಒಂದೇ ಸಾಲು ನೋಡಿದವರು ‘ಸಾಕು’ ಎಂದುಕೊಳ್ಳುತ್ತಾರೆ. ಆದರೆ ಅನುಪಾತ ಮಗುಚಿದೆ.

ಈಗ ಬೂಸಾ ತೆಗೆಯಿರಿ. ಹುಲ್ಲು 6 ಕಿಲೋಗೆ ಇಳಿಸಿ, 2 ಕಿಲೋ ಒಣ ಲೂಸರ್ನ್ (ಕುದುರೆ ಮಸಾಲೆ ಸೊಪ್ಪು ಎನ್ನುವುದೂ ಇದನ್ನೇ) ಸೇರಿಸಿ. ಓಟ್ಸ್ ಹಾಗೇ ಇರಲಿ, ಅರ್ಧ ಕಿಲೋ ಸೋಯಾ ಹಿಂಡಿ ಕೂಡಿಸಿ. ಕ್ಯಾಲ್ಸಿಯಂ ಸುಮಾರು 54 ಗ್ರಾಂ ಆಗುತ್ತದೆ, ರಂಜಕ 30. ಲೂಸರ್ನ್ ಸಿಗದಿದ್ದರೆ ಮೇವಿಗೆಂದೇ ಮಾರುವ ಸುಣ್ಣಕಲ್ಲಿನ ಪುಡಿ ನೆರವಾಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಶೇ 38ರ ಆಸುಪಾಸು, ಅಂದರೆ 50 ಗ್ರಾಂ ಪುಡಿಗೆ 19 ಗ್ರಾಂ.

ಇನ್ನೊಂದು ಮರೆಮೋಸವಿದೆ. ನೇಪಿಯರ್, ಸೆಟೇರಿಯಾ, ಬಫೆಲ್‌ನಂಥ ಉಷ್ಣವಲಯದ ಕೆಲವು ಹುಲ್ಲುಗಳಲ್ಲಿ ಆಕ್ಸಲೇಟ್ ಹೆಚ್ಚು. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಲದ್ದಿಯ ಜೊತೆಗೇ ಹೊರಗೆ ಒಯ್ಯುತ್ತದೆ. ದನ ಎಮ್ಮೆಗಳು ಇಂಥ ಹುಲ್ಲನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಏಕೆಂದರೆ ಅವುಗಳ ಮೆಲುಕುಚೀಲದ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ. ಕುದುರೆಗೆ ಆ ಸೌಲಭ್ಯವಿಲ್ಲ. ಗಬ್ಬದ ಕುದುರೆ ಮತ್ತು ಮರಿಗೆ ಇಂಥ ಹುಲ್ಲೇ ಮುಖ್ಯ ಮೇವಾಗುವುದು ಬೇಡ.

ಹಂತ 4: ಹನ್ನೊಂದು ತಿಂಗಳ ಗಬ್ಬ

ಕುದುರೆಯ ಗಬ್ಬದ ಅವಧಿ ಸರಾಸರಿ 340 ದಿನ. ಹುಟ್ಟುವ ಮರಿ ತಾಯಿಯ ತೂಕದ ಹತ್ತನೇ ಒಂದು ಪಾಲು, ಅಂದರೆ ಸುಮಾರು 50 ಕಿಲೋ. ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊನೆಯ ಮೂರು ತಿಂಗಳಲ್ಲಿ ಸೇರುತ್ತದೆ. ಹಾಗಾಗಿ ಮೊದಲ ನಾಲ್ಕು ತಿಂಗಳು, ಮೈಕಟ್ಟು ಸರಿಯಿರುವ ಕುದುರೆಗೆ, ಗಬ್ಬವಿಲ್ಲದ ಕುದುರೆಯ ಮೇವೇ ಸಾಕು: ದಿನಕ್ಕೆ 16.7 ಮೆಗಾಕ್ಯಾಲರಿ (ಮೇವಿನ ಶಕ್ತಿಯ ಅಳತೆ), 630 ಗ್ರಾಂ ಪ್ರೋಟೀನ್. ಒಳ್ಳೆಯ ಹುಲ್ಲು, ಉಪ್ಪಿನ ಗಟ್ಟಿ, ಖನಿಜ ಮಿಶ್ರಣ, ಅಷ್ಟೇ. ಐದನೇ ತಿಂಗಳಿನಿಂದ ಅಗತ್ಯ ನಿಧಾನವಾಗಿ ಏರಿ, ಹನ್ನೊಂದನೇ ತಿಂಗಳಿಗೆ 21.4 ಮೆಗಾಕ್ಯಾಲರಿ ಮತ್ತು 890 ಗ್ರಾಂ ಪ್ರೋಟೀನ್ ಮುಟ್ಟುತ್ತದೆ. ಶಕ್ತಿ ಏರುವುದು ಶೇ 30ರಷ್ಟು ಮಾತ್ರ. ಪ್ರೋಟೀನ್ ಶೇ 40, ಕ್ಯಾಲ್ಸಿಯಂ ಶೇ 80. ಕಾಳನ್ನು ಮಾತ್ರ ಹೆಚ್ಚಿಸಿದರೆ ತಾಯಿ ಕೊಬ್ಬುತ್ತದೆ, ಮರಿಗೆ ಬೇಕಾದದ್ದು ಸಿಗುವುದಿಲ್ಲ ಎಂಬುದಕ್ಕೆ ಈ ಮೂರು ಅಂಕಿಗಳೇ ಸಾಕ್ಷಿ.

ಸೊರಗಿದ ಕುದುರೆಗೆ ಮೈ ತುಂಬಿಸಬೇಕಾದರೆ ನಡುಗಬ್ಬದಲ್ಲೇ ಮಾಡಿ ಮುಗಿಸಿ. ಕೊನೆಯ ತಿಂಗಳಲ್ಲಿ ಗರ್ಭವೇ ಹೊಟ್ಟೆಯ ಜಾಗ ಹಿಡಿದಿರುತ್ತದೆ, ಒಂದೇ ಸಲಕ್ಕೆ ಹೆಚ್ಚು ಹುಲ್ಲು ಹಿಡಿಸುವುದಿಲ್ಲ. ಆಗ ಮೇವನ್ನು ದಿನಕ್ಕೆ ನಾಲ್ಕೈದು ಸಲ ಹಂಚಿ ಹಾಕಿ. ಮೈ ತುಂಬಿದ ಕುದುರೆಯನ್ನು ತೆಳ್ಳಗಾಗಿಸುವ ಪ್ರಯತ್ನವೂ ಆ ಹೊತ್ತಿನಲ್ಲಿ ಬೇಡ.

ಆರಂಭದಲ್ಲಿ ಹೇಳಿದ ತಾಮ್ರದ ಕೆಲಸ ಇಲ್ಲೇ ನಡೆಯಬೇಕು. ತುಂಬು ಗಬ್ಬದಲ್ಲಿ ದಿನಕ್ಕೆ ಕನಿಷ್ಠ 125 ಮಿಲಿಗ್ರಾಂ ತಾಮ್ರ ಬೇಕು. ಬಹುತೇಕ ಹುಲ್ಲುಗಳು ಅಷ್ಟು ಕೊಡುವುದಿಲ್ಲವಾದ್ದರಿಂದ ಕುದುರೆಗೆಂದೇ ತಯಾರಾದ ಖನಿಜ ಮಿಶ್ರಣವನ್ನು ಚೀಲದ ಮೇಲೆ ನಮೂದಿಸಿದ ಪ್ರಮಾಣದಲ್ಲಿ ಕೊಡಿ. ಅರ್ಧ ಪ್ರಮಾಣ ಹಾಕಿ ಉಳಿತಾಯ ಮಾಡಿದೆ ಎನ್ನುವವರು ಯಾವುದನ್ನು ಉಳಿಸಿದರು ಎಂದು ನನಗೆ ಅರ್ಥವಾಗಿಲ್ಲ. ಹಸಿ ಹುಲ್ಲು ಮೇಯದ ಕುದುರೆಗೆ ವಿಟಮಿನ್ ‘ಇ’ ಬೇರೆಯಾಗಿ ಬೇಕು, ಏಕೆಂದರೆ ಹುಲ್ಲು ಒಣಗುವಾಗ ಅದು ನಾಶವಾಗುತ್ತದೆ. ಎರಡು ಖನಿಜಗಳಲ್ಲಿ ಮಾತ್ರ ಕೈ ಹಿಡಿತದಲ್ಲಿರಲಿ. ಸೆಲೆನಿಯಂ ಕೊರತೆಯಾದರೆ ಮರಿಯ ಸ್ನಾಯು ಕೆಡುತ್ತದೆ, ಹೆಚ್ಚಾದರೆ ವಿಷ. ಅಯೋಡಿನ್ ಕಡಿಮೆಯಾದರೂ ಹೆಚ್ಚಾದರೂ ಮರಿಗೆ ಗಳಗಂಡ ಬರುತ್ತದೆ. ಕಡಲಪಾಚಿಯ ಪುಡಿಯನ್ನು ಹಿಡಿಗಟ್ಟಲೆ ಹಾಕುವುದು ಇದಕ್ಕೇ ಅಪಾಯ. ಎರಡು ಮೂರು ಬಗೆಯ ಪೂರಕಗಳನ್ನು ಒಟ್ಟಿಗೆ ಕೊಡುವ ಮುನ್ನ ಚೀಲಗಳ ಮೇಲಿನ ಈ ಎರಡು ಸಾಲುಗಳನ್ನು ಕೂಡಿಸಿ ನೋಡಿ.

ಟಾಲ್ ಫೆಸ್ಕ್ಯೂ ಹುಲ್ಲು ಬೆಳೆಯುವ ಕಡೆ ಇನ್ನೊಂದು ಎಚ್ಚರಿಕೆ. ಆ ಹುಲ್ಲಿನೊಳಗೆ ಬೆಳೆಯುವ ಶಿಲೀಂಧ್ರದ ವಿಷದಿಂದ ಗಬ್ಬದ ಅವಧಿ ಎಳೆಯುತ್ತದೆ, ಮಾಸು ದಪ್ಪವಾಗುತ್ತದೆ, ಕೆಚ್ಚಲಿಗೆ ಹಾಲೇ ಇಳಿಯುವುದಿಲ್ಲ. ಈಯುವ ಎರಡು ಮೂರು ತಿಂಗಳ ಮೊದಲೇ ಕುದುರೆಯನ್ನು ಆ ಹುಲ್ಲುಗಾವಲಿನಿಂದ ಹೊರಗೆ ತನ್ನಿ.

ಹಂತ 5: ಗಿಣ್ಣಿನ ದಿನ

ಸರಾಗವಾಗಿ ಹುಟ್ಟಿದ ಮರಿ ಒಂದು ಗಂಟೆಯೊಳಗೆ ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ಪಶುವೈದ್ಯರನ್ನು ಕರೆಯಿರಿ, ಬೆಳಗಾಗಲಿ ಎಂದು ಕಾಯಬೇಡಿ.

ಕುದುರೆಯ ಮಾಸು ರೋಗನಿರೋಧಕ ಕಣಗಳನ್ನು ಗರ್ಭದ ಮರಿಗೆ ದಾಟಿಸುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಸಿಗುವ ಕಾವಲೆಲ್ಲ ಗಿಣ್ಣು ಹಾಲಿನಿಂದಲೇ. ಆ ಕಣಗಳನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಮೊದಲ ಕೆಲವು ಗಂಟೆ ಅಗಲವಾಗಿ ತೆರೆದಿದ್ದು, 24 ಗಂಟೆಯ ಹೊತ್ತಿಗೆ ಮುಚ್ಚಿರುತ್ತದೆ. 50 ಕಿಲೋ ಮರಿ ಮೊದಲ ಆರು ಗಂಟೆಗಳಲ್ಲಿ ಒಂದರಿಂದ ಎರಡು ಲೀಟರ್ ಗಿಣ್ಣು ಕುಡಿದಿರಬೇಕು. ಕುಡಿಯಿತೋ ಇಲ್ಲವೋ ಎಂಬುದನ್ನು ಕೆಚ್ಚಲು ಹೇಳುತ್ತದೆ: ಬಿಗಿದು ತುಂಬಿ, ತೊಟ್ಟಿಕ್ಕುತ್ತಿದ್ದು, ಮರಿಯ ಹಣೆಯ ಮೇಲೆ ಹಾಲಿನ ಕಲೆ ಇದ್ದರೆ ಮರಿ ಅಲ್ಲಿ ನಿಲ್ಲುತ್ತಿದೆ, ಕುಡಿಯುತ್ತಿಲ್ಲ. ಮರುದಿನ ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ. ಐಜಿಜಿ (ಗಿಣ್ಣಿನಿಂದ ಬಂದ ರೋಗನಿರೋಧಕ ಕಣ) ಮಟ್ಟ ಡೆಸಿಲೀಟರಿಗೆ 800 ಮಿಲಿಗ್ರಾಂ ದಾಟಿದ್ದರೆ ನಿಶ್ಚಿಂತೆ.

ಈಯುವ ಎಷ್ಟೋ ದಿನ ಮೊದಲೇ ಕೆಚ್ಚಲಿನಿಂದ ಹಾಲು ಸೋರಿ ಹೋದರೆ ಗಿಣ್ಣು ವ್ಯರ್ಥವಾದಂತೆ. ಅದಕ್ಕೇ, ಗಿಣ್ಣು ಚೆನ್ನಾಗಿರುವ ಕುದುರೆ ಈದಾಗ ಅದರ ಮರಿ ಕುಡಿದ ಮೇಲೆ ಕಾಲು ಲೀಟರಿನಷ್ಟು ಕರೆದು ಫ್ರೀಜರಿನಲ್ಲಿಡುವುದು ಒಳ್ಳೆಯ ಅಭ್ಯಾಸ. ಒಂದು ವರ್ಷದವರೆಗೆ ಬರುತ್ತದೆ. ಕರಗಿಸುವಾಗ ಉಗುರು ಬೆಚ್ಚಗಿನ ನೀರಲ್ಲಿಡಿ. ಮೈಕ್ರೋವೇವ್ ಒಲೆಯಲ್ಲಿಟ್ಟರೆ ಕಣಗಳೆಲ್ಲ ಬೆಂದುಹೋಗುತ್ತವೆ.

ತಾಯಿಗೆ ಆ ದಿನ ಬೇಕಾದ್ದು ನೀರು ಮತ್ತು ರೂಢಿಯ ಹುಲ್ಲು. ಕಾಳನ್ನು ಒಂದೆರಡು ದಿನ ಕಡಿಮೆ ಮಾಡಿ, ಆಮೇಲೆ ಏರಿಸುತ್ತಾ ಹೋಗಿ. ಬಾಣಂತಿ ಕುದುರೆಗೆ ಬಿಸಿ ಬೂಸಾ ಗಂಜಿ ಇಕ್ಕುವ ರೂಢಿ ಹಲವರಲ್ಲಿದೆ; ನನಗೆ ಅದರಲ್ಲಿ ಒಲವಿಲ್ಲ. ಕರುಳು ಜಾಗ ಹುಡುಕಿ ಹೊರಳಾಡುತ್ತಿರುವ ಹೊತ್ತಿನಲ್ಲಿ ಅದಕ್ಕೆ ಅಭ್ಯಾಸವಿಲ್ಲದ ಮೇವು ಏಕೆ?

ಹಂತ 6: ಹಾಲಿನ ಮೂರು ತಿಂಗಳು

ಈದ ಕುದುರೆ ಮೊದಲ ಮೂರು ತಿಂಗಳು ದಿನಕ್ಕೆ ತನ್ನ ತೂಕದ ಶೇ 3ರಷ್ಟು, ಅಂದರೆ 15 ಕಿಲೋ ಹಾಲು ಉತ್ಪಾದಿಸುತ್ತದೆ. ಕರೆದು ನೋಡುವವರಿಲ್ಲವಾದ್ದರಿಂದ ಯಾರಿಗೂ ಅದರ ಅಂದಾಜಿರುವುದಿಲ್ಲ. ಮೊದಲ ತಿಂಗಳ ಅಗತ್ಯ 31.7 ಮೆಗಾಕ್ಯಾಲರಿ, ಒಂದೂವರೆ ಕಿಲೋ ಪ್ರೋಟೀನ್, 59 ಗ್ರಾಂ ಕ್ಯಾಲ್ಸಿಯಂ, 38 ಗ್ರಾಂ ರಂಜಕ. ಗಬ್ಬವಿಲ್ಲದ ಕಾಲಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಓಟದ ತರಬೇತಿಯಲ್ಲಿರುವ ಕುದುರೆಯ ಹಸಿವು ಇದು.

ಒಂದು ಮಾದರಿ: 8 ಕಿಲೋ ಒಳ್ಳೆಯ ಒಣಹುಲ್ಲು, 3 ಕಿಲೋ ಒಣ ಲೂಸರ್ನ್, ಶೇ 14 ಪ್ರೋಟೀನ್ ಇರುವ ಮೂರೂವರೆ ಕಿಲೋ ದಾಣಿ, ದಾಣಿಯನ್ನು ಕನಿಷ್ಠ ಎರಡು ಹೊತ್ತಿಗೆ ಹಂಚಬೇಕು. ಸೊಂಪಾದ ಹಸಿ ಹುಲ್ಲುಗಾವಲು ಇದ್ದರೆ ದಾಣಿ ಅರ್ಧಕ್ಕಿಳಿದರೂ ನಡೆಯುತ್ತದೆ. ಈ ಪ್ರಮಾಣಕ್ಕೆ ಒಮ್ಮೆಲೇ ಜಿಗಿಯಬೇಡಿ, ಎರಡು ವಾರ ತೆಗೆದುಕೊಳ್ಳಿ. ಮೂರನೇ ತಿಂಗಳ ನಂತರ ಹಾಲು ಇಳಿಯುತ್ತದೆ, ದಾಣಿಯೂ ಇಳಿಯಲಿ.

ಮೇವು ಕಡಿಮೆಯಾದರೆ ಹಾಲು ಕೂಡಲೇ ನಿಲ್ಲುವುದಿಲ್ಲ. ತಾಯಿ ತನ್ನ ಮೈ ಕರಗಿಸಿ ಕೊಡುತ್ತದೆ. ಮರಿ ಚೆನ್ನಾಗಿ ಕಾಣುತ್ತಿರುತ್ತದೆ, ತಾಯಿಯ ಬೆನ್ನು ಏಳುತ್ತಿರುತ್ತದೆ, ಮತ್ತೆ ಗಬ್ಬ ಕಟ್ಟುವುದು ತಪ್ಪುತ್ತದೆ. ಈದ ನಂತರದ ಮೂರು ತಿಂಗಳು ಮೈಕಟ್ಟಿನ ಅಂಕವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಲದು, ಹದಿನೈದು ದಿನಕ್ಕೊಮ್ಮೆ ನೋಡಿ. ನೀರು ದಿನಕ್ಕೆ 50 ಲೀಟರಿಗೂ ಹೆಚ್ಚು ಬೇಕಾಗುತ್ತದೆ. ಬಾನಿ ಯಾವ ಹೊತ್ತಿನಲ್ಲೂ ಖಾಲಿ ಇರದಿರಲಿ.

ಹಂತ 7: ಮರಿಯ ಸ್ವಂತ ಊಟ

ಮೊದಲ ವಾರಗಳಲ್ಲಿ ಮರಿ ತಾಯಿಯ ಲದ್ದಿ ತಿನ್ನುವುದನ್ನು ಕಂಡು ಗಾಬರಿಯಾಗಬೇಡಿ. ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳನ್ನು ಅದು ಹೀಗೆ ತನ್ನ ಕರುಳಿಗೆ ತಂದುಕೊಳ್ಳುತ್ತದೆ. ಎರಡನೇ ವಾರದ ಹೊತ್ತಿಗೆ ಮಲ ಸಡಿಲಾಗುವುದೂ ಸಾಮಾನ್ಯ. ಮರಿ ಚುರುಕಾಗಿದ್ದು ಹಾಲು ಕುಡಿಯುತ್ತಿದ್ದರೆ ಸಾಕು.

ಎರಡು ತಿಂಗಳವರೆಗೆ ತಾಯಿಯ ಹಾಲು ಸಾಲುತ್ತದೆ. ಆಮೇಲೆ, ತಾಯಿ ನುಗ್ಗಲಾಗದಂತೆ ಅಡ್ಡಗಳ ಕಟ್ಟಿದ ಪುಟ್ಟ ಜಾಗವೊಂದನ್ನು ಮಾಡಿ ಅಲ್ಲಿ ಮರಿದಾಣಿ ಇಡಿ. ಪ್ರೋಟೀನ್ ಶೇ 14ರಿಂದ 16 ಇರಲಿ. ಪ್ರೋಟೀನಿನ ಗುಣವೂ ಮುಖ್ಯ: ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆಯಾದರೆ ಉಳಿದ ಪ್ರೋಟೀನ್ ಎಷ್ಟಿದ್ದರೂ ಬೆಳವಣಿಗೆ ಅಲ್ಲೇ ನಿಲ್ಲುತ್ತದೆ. ಕಾಳಿನಲ್ಲಿ ಲೈಸಿನ್ ಕಡಿಮೆ, ಸೋಯಾ ಹಿಂಡಿಯಲ್ಲಿ ಚೆನ್ನಾಗಿದೆ. ಪ್ರಮಾಣಕ್ಕೆ ಒಂದು ಸುಲಭ ಸೂತ್ರ: ವಯಸ್ಸಿನ ತಿಂಗಳಿಗೆ ಅರ್ಧ ಕಿಲೋದಂತೆ, ಅಂದರೆ ಮೂರು ತಿಂಗಳ ಮರಿಗೆ ದಿನಕ್ಕೆ ಒಂದೂವರೆ ಕಿಲೋ. ಇದು ಗರಿಷ್ಠ ಮಿತಿ. ಹಾಲು ಸಮೃದ್ಧವಾಗಿರುವ ತಾಯಿಯ ಮರಿಗೆ ಇದರ ಅರ್ಧವೇ ಸಾಕಾಗಬಹುದು. ದಾಣಿಯನ್ನು ದಿನವಿಡೀ ತುಂಬಿಟ್ಟು ಬೇಕಾದಷ್ಟು ತಿನ್ನಲಿ ಎಂದು ಬಿಡಬೇಡಿ. ಜಂತುಹುಳುವಿನ ಮೊದಲ ಔಷಧ ಎರಡು ತಿಂಗಳ ಆಸುಪಾಸಿನಲ್ಲಿ, ಪಶುವೈದ್ಯರ ಸಲಹೆಯಂತೆ. ಡೊಳ್ಳುಹೊಟ್ಟೆ, ಒರಟು ಕೂದಲಿನ ಮರಿಗೆ ಮೇವು ಹೆಚ್ಚಿಸುವುದೆಂದರೆ ಹುಳುಗಳಿಗೆ ಊಟ ಹಾಕಿದಂತೆ.

ಹಂತ 8: ಹಾಲು ಬಿಡಿಸುವುದು

ನಾಲ್ಕರಿಂದ ಆರು ತಿಂಗಳ ನಡುವೆ ಬಿಡಿಸಿ. ವಯಸ್ಸಿಗಿಂತ ಮುಖ್ಯ, ಮರಿ ದಾಣಿ ಮತ್ತು ಹುಲ್ಲನ್ನು ತಾನಾಗಿ ತಿನ್ನಲು ಕಲಿತಿರುವುದು. ಬಿಡಿಸಿದ ವಾರ ಮೇವು ಬದಲಾಯಿಸಬೇಡಿ. ಪರಿಚಿತ ಗೋದಲಿ, ಪರಿಚಿತ ಜೊತೆಗಾರರು ಇರಲಿ. ತಾಯಿಯ ದಾಣಿಯನ್ನು ಒಂದು ವಾರ ಮೊದಲೇ ನಿಲ್ಲಿಸಿದರೆ ಹಾಲು ಬೇಗ ಬತ್ತುತ್ತದೆ. ಕೆಚ್ಚಲು ಬಿಗಿದಿದೆಯೆಂದು ಕರೆದರೆ ಮತ್ತೆ ಹಾಲು ಇಳಿಯುತ್ತದೆ. ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಹಂತ 9: ಆರು ತಿಂಗಳಿಂದ ಎರಡು ವರ್ಷ

ಬೆಳೆದಾಗ 500 ಕಿಲೋ ಆಗಬೇಕಾದ ಮರಿಯ ತೂಕ ಆರು ತಿಂಗಳಿಗೆ ಸುಮಾರು 216 ಕಿಲೋ, ಒಂದು ವರ್ಷಕ್ಕೆ 321, ಒಂದೂವರೆ ವರ್ಷಕ್ಕೆ 387, ಎರಡಕ್ಕೆ 429. ದಿನದ ಏರಿಕೆ ಆರನೇ ತಿಂಗಳಲ್ಲಿ 720 ಗ್ರಾಂ, ಹನ್ನೆರಡನೆಯದರಲ್ಲಿ 450, ಹದಿನೆಂಟನೆಯದರಲ್ಲಿ 290. ಈ ಅಂಕಿಗಳನ್ನು ಗುರಿಯೆಂದು ಬೆನ್ನಟ್ಟಬೇಡಿ. ಇಳಿಜಾರಿನ ಆಕಾರವನ್ನು ನೋಡಿ. ಮರಿಯ ಬೆಳವಣಿಗೆ ನುಣುಪಾದ ಗೆರೆಯಾಗಿರಬೇಕು. ಎರಡು ತಿಂಗಳು ಸೊರಗಿ ಮೂರನೆಯದರಲ್ಲಿ ದಿಢೀರನೆ ತುಂಬಿಕೊಳ್ಳುವ ಮರಿಗೆ ಮೂಳೆಯ ತೊಂದರೆ ಬರುವ ಸಾಧ್ಯತೆ, ಒಂದೇ ಸಮನೆ ತುಸು ನಿಧಾನವಾಗಿ ಬೆಳೆದ ಮರಿಗಿಂತ ಹೆಚ್ಚು. ನಿಧಾನವಾಗಿ ಬೆಳೆದದ್ದು ಕುಳ್ಳಾಗಿಯೂ ಉಳಿಯುವುದಿಲ್ಲ. ಪೋಷಣೆ ಸಮತೋಲನದಲ್ಲಿದ್ದರೆ ತನ್ನ ಎತ್ತರವನ್ನು ತಡವಾಗಿಯಾದರೂ ಮುಟ್ಟುತ್ತದೆ.

ನಾನೇ ಒಮ್ಮೆ ಏಳು ತಿಂಗಳ ಹೆಣ್ಣುಮರಿಯೊಂದಕ್ಕೆ, ಹಾಲು ಬಿಟ್ಟು ಸೊರಗಿತೆಂದು, ಎರಡು ವಾರಗಳಲ್ಲಿ ಕಾಳು ದುಪ್ಪಟ್ಟು ಮಾಡಿದ್ದೆ. ಮೈ ಹೊಳೆಯಿತು. ಬಂದವರೆಲ್ಲ ಹೊಗಳಿದರು. ತಿಂಗಳು ಕಳೆಯುವಷ್ಟರಲ್ಲಿ ಮುಂಗಾಲಿನ ಗೆಣ್ಣುಗಳು ಮರಳುಗಡಿಯಾರದಂತೆ ಮೇಲೆ ಕೆಳಗೆ ಉಬ್ಬಿ, ಮುಟ್ಟಿದರೆ ಕಾಲು ಹಿಂದಕ್ಕೆಳೆಯುತ್ತಿತ್ತು. ಮೂಳೆಯ ತುದಿಯಲ್ಲಿ ಬೆಳೆಯುವ ಪದರದ ಉರಿಯೂತ ಅದು. ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಕೀಲಿನೊಳಗೆ ಚೂರೇಳುವ ಆಸ್ಟಿಯೊಕಾಂಡ್ರೋಸಿಸ್, ಸ್ನಾಯುರಜ್ಜು ಬಿಗಿದು ಗೊರಸು ನೆಟ್ಟಗಾಗುವುದು, ಇವೆಲ್ಲ ಅದೇ ಕುಟುಂಬದವು. ವಂಶ, ವ್ಯಾಯಾಮ, ಪೆಟ್ಟು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಮೇವಿನ ಮಟ್ಟಿಗೆ ಹೇಳುವುದಾದರೆ ಕಾರಣಗಳು ಮೂರು: ಹೆಚ್ಚಾದ ಶಕ್ತಿ, ಅದರಲ್ಲೂ ಪಿಷ್ಟದಿಂದ ಬಂದದ್ದು, ಕ್ಯಾಲ್ಸಿಯಂ–ರಂಜಕದ ಅಸಮತೋಲನ, ತಾಮ್ರ ಮತ್ತು ಸತುವಿನ ಕೊರತೆ.

ಇಂಥ ಹೊತ್ತಿನಲ್ಲಿ ‘ಪ್ರೋಟೀನ್ ಹೆಚ್ಚಾಯಿತು, ಲೂಸರ್ನ್ ನಿಲ್ಲಿಸಿ’ ಎಂಬ ಸಲಹೆ ಬಂದೇ ಬರುತ್ತದೆ. ಕೇಳಬೇಡಿ. ಪ್ರೋಟೀನ್ ಕೀಲು ಕೆಡಿಸುವುದಿಲ್ಲ. ಅದನ್ನು ಕಡಿತಗೊಳಿಸಿದರೆ ಮೂಳೆ, ಸ್ನಾಯು ಎರಡೂ ಹಸಿಯುತ್ತವೆ. ಇಳಿಸಬೇಕಾದ್ದು ಕಾಳನ್ನು. ಹುಲ್ಲು, ಸ್ವಲ್ಪ ಲೂಸರ್ನ್ ಮತ್ತು ಖನಿಜ–ಪ್ರೋಟೀನ್ ಸಾಂದ್ರವಾಗಿರುವ, ದಿನಕ್ಕೆ ಅರ್ಧ ಕಿಲೋದಷ್ಟೇ ಕೊಡುವ ಪೂರಕ ದಾಣಿ, ಇಷ್ಟರಲ್ಲಿ ಮರಿಯನ್ನು ಕೆಲ ವಾರ ನಡೆಸಬಹುದು. ನನ್ನ ಮರಿ ಚೇತರಿಸಿಕೊಂಡದ್ದೂ ಹಾಗೆಯೇ.

ಆರು ತಿಂಗಳ ಮರಿಗೆ ದಿನಕ್ಕೆ 15.5 ಮೆಗಾಕ್ಯಾಲರಿ, 676 ಗ್ರಾಂ ಪ್ರೋಟೀನ್, 38 ಗ್ರಾಂ ಕ್ಯಾಲ್ಸಿಯಂ ಬೇಕು. ಮೂರೂವರೆ ಕಿಲೋ ಎಳೆಯ ಹುಲ್ಲು (ಅರ್ಧ ಲೂಸರ್ನ್ ಆದರೆ ಒಳ್ಳೆಯದು), ಎರಡೂವರೆ ಕಿಲೋ ಮರಿದಾಣಿ ಎಂದು ಶುರುಮಾಡಿ, ಒಂದು ಹೊತ್ತಿಗೆ ಒಂದು ಕಿಲೋ ಮೀರದಂತೆ ಹಂಚಿ. ವರ್ಷದ ಮರಿಗೆ 6 ಕಿಲೋ ಹುಲ್ಲು, 2 ಕಿಲೋ ದಾಣಿ. ವಯಸ್ಸು ಏರಿದಂತೆ ಹುಲ್ಲಿನ ಪಾಲು ಏರಬೇಕು, ದಾಣಿಯದಲ್ಲ. ಮೈಕಟ್ಟು 5ರ ಆಸುಪಾಸಿನಲ್ಲಿರಲಿ. ಪಕ್ಕೆಲುಬಿನ ನೆರಳು ತುಸು ಕಂಡರೂ ಚಿಂತೆಯಿಲ್ಲ. ದಿನವೆಲ್ಲ ಬಯಲಲ್ಲಿ ಓಡಾಡಲು ಬಿಡಿ, ಏಕೆಂದರೆ ಲಾಯದಲ್ಲೇ ಕಟ್ಟಿಹಾಕಿದ ಮರಿಯ ಮೂಳೆಗೆ ಯಾವ ಪುಡಿಯೂ ಗಟ್ಟಿತನ ತರಲಾರದು. ಗುಂಪಿನಲ್ಲಿ ಮೇಯಿಸುವಾಗ ಮರಿಗಳಿಗಿಂತ ಒಂದು ಬಾನಿ ಹೆಚ್ಚಿಗೆ ಇಟ್ಟರೆ ಮೆತ್ತನೆಯ ಮರಿಗೂ ಊಟ ಸಿಗುತ್ತದೆ.

ದನದ ಅಥವಾ ಕೋಳಿಯ ಆಹಾರವನ್ನು ಕುದುರೆಗೆ ಹಾಕುವುದು ಯಾವ ವಯಸ್ಸಿನಲ್ಲೂ ಬೇಡ. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಮೊನೆನ್ಸಿನ್ ಎಂಬ ಔಷಧ ಅತಿ ಸಣ್ಣ ಪ್ರಮಾಣದಲ್ಲೂ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ.

ತಾಯಿ ಇಲ್ಲದ ಮರಿ

ಗಿಣ್ಣು ಮೊದಲು, ಫ್ರೀಜರಿನಲ್ಲಿಟ್ಟದ್ದಾದರೂ ಸರಿ. ಮರಿ ಕಳೆದುಕೊಂಡ ಕುದುರೆ ಸಾಕುತಾಯಿಯಾಗಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸಿಗದಿದ್ದರೆ ಕುದುರೆಮರಿಗೆಂದೇ ತಯಾರಿಸಿದ ಹಾಲುಪುಡಿ. ಕುದುರೆಯ ಹಾಲಿನಲ್ಲಿ ಕೊಬ್ಬು ಹಸುವಿನ ಹಾಲಿನದಕ್ಕಿಂತ ಕಡಿಮೆ, ಸಿಹಿ ಹೆಚ್ಚು. ತುರ್ತಿಗೆ ಹಸುವಿನ ಹಾಲೇ ಗತಿಯಾದರೆ ಶೇ 2ರಷ್ಟು ಕೊಬ್ಬಿನ ಹಾಲಿಗೆ ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಬೆರೆಸಿ. ಅಡುಗೆಮನೆಯ ಸಕ್ಕರೆ ಬೇಡ; ಎಳೆಯ ಮರಿಗೆ ಅದನ್ನು ಅರಗಿಸುವ ಕಿಣ್ವವೇ ಇರುವುದಿಲ್ಲ, ಭೇದಿಯಾಗುತ್ತದೆ.

ಮೊದಲ ದಿನ ಮರಿಯ ತೂಕದ ಶೇ 10ರಷ್ಟು ಹಾಲು, ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮುಂದಿನ ದಿನಗಳಲ್ಲಿ ಶೇ 20ರಿಂದ 25ಕ್ಕೆ ಏರಿಸಿ. ಮೊಲೆಬಾಟಲಿಯಿಂದ ಕುಡಿಸುವಾಗ ಮರಿಯ ತಲೆ ಎತ್ತರಕ್ಕೆ ಎಳೆಯಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಬೇಗನೆ ಬಾನಿಯಿಂದ ಕುಡಿಯಲು ಕಲಿಸಿ: ಬೆರಳನ್ನು ಹಾಲಲ್ಲಿ ಅದ್ದಿ ಚೀಪಲು ಕೊಟ್ಟು, ನಿಧಾನವಾಗಿ ಬೆರಳನ್ನು ಬಾನಿಯೊಳಗೆ ಇಳಿಸಿ. ಎರಡು ಮೂರು ಸಲಕ್ಕೆ ಕಲಿತುಬಿಡುತ್ತದೆ. ಹೀಗೆ ಕಲಿತ ಮರಿಗೆ ಮನುಷ್ಯರ ಮೇಲೆ ಎರಗುವ ಚಾಳಿಯೂ ಕಡಿಮೆ. ದಾಣಿಯನ್ನು ಮೊದಲ ವಾರಗಳಿಂದಲೇ ಪಕ್ಕದಲ್ಲಿಡಿ. ಮೂರು ತಿಂಗಳ ಹೊತ್ತಿಗೆ ದಾಣಿ, ಹುಲ್ಲು ಚೆನ್ನಾಗಿ ತಿನ್ನುತ್ತಿದ್ದರೆ ಹಾಲನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಬಹುದು. ಅಷ್ಟರೊಳಗೆ ಶಾಂತ ಸ್ವಭಾವದ ಹಳೆಯ ಕುದುರೆಯೊಂದರ ಜೊತೆ ಅದನ್ನು ಬಿಟ್ಟಿರಬೇಕು. ಹುಲ್ಲು ಹೇಗೆ ಮೇಯಬೇಕೆಂಬುದನ್ನು ಅದಕ್ಕೆ ನಾವು ಕಲಿಸಲಾರೆವು.